ಪೇಟಿ ಮಾಸ್ತರರ ದಣಿವು

ಪೂಜ್ಯ ಗುರುಪಾದ ಶಿವಯೋಗಿಗಳು ಮಠ ಕಟ್ಟಲಿಲ್ಲ, ಗದ್ದುಗೆ ಏರಲಿಲ್ಲ. ಗದಗದಿಂದ ಅನತಿ ದೂರದಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಹತ್ತಿಯಿಂದ ಬೀಜ ಬಿಡಿಸುವ, ಎಂದೋ ಮುಚ್ಚಿಹೋದ ಜಿನ್ನಿನ ತಗಡಿನ ಶೆಡ್ಡೊಂದಿತ್ತು. ಅಲ್ಲಿಯೇ ಅವರು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಅದರಿಂದಾಗಿ ಜನರ ಬಾಯಲ್ಲಿ ಅವರು ಜಿನ್ನಿನಜ್ಜನವರಾದರು. ಮನೆಯವರು ಕೈಬಿಟ್ಟ ರೋಗಿಗಳು, ಹೆಸರು ಮರೆತ ಮುದುಕಿಯರು, ರೈಲಿನಿಂದ ಇಳಿದು ಮುಂದೆ ಹೋಗಲಾರದೆ ಉಳಿದವರು, ಹೀಗೆ ಮೂವತ್ತು ನಲವತ್ತು ಮಂದಿ ಅವರ ಆಶ್ರಯದಲ್ಲಿದ್ದರು. ಅವರೆಲ್ಲರ ಹಾಸಿಗೆ ಬಟ್ಟೆಗಳನ್ನು ಅಜ್ಜನವರು ತಾವೇ ಒಗೆಯುತ್ತಿದ್ದರು. ಪೂಜೆ ಯಾವಾಗ ಮಾಡುವಿರೆಂದು ಯಾರಾದರೂ ಕೇಳಿದರೆ, "ಇವಿಷ್ಟು ಒಣಗಲಿ" ಎನ್ನುತ್ತಿದ್ದರು. ಅವು ಒಣಗುವ ಹೊತ್ತಿಗೆ ಇನ್ನೊಂದು ಗಂಟು ಬಂದು ಬಿದ್ದಿರುತ್ತಿತ್ತು.

ಈ ಪ್ರಸಂಗವನ್ನು ನನಗೆ ಹೇಳಿದವರು ಪೇಟಿ ಮಾಸ್ತರ ದ್ಯಾಮಣ್ಣನವರೇ. ತಮ್ಮ ಕೊನೆಗಾಲದಲ್ಲಿ ಅವರು ನಮ್ಮೂರ ಭಜನಾ ಮೇಳಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದರು. ಹೇಳುವಾಗ ಒಂದು ಕಡೆಯೂ ತಮ್ಮ ಪರ ವಹಿಸಿಕೊಳ್ಳಲಿಲ್ಲ.

ದ್ಯಾಮಣ್ಣನವರು ಹರೆಯದಲ್ಲಿ ಒಂದು ನಾಟಕ ಕಂಪನಿಯ ಪೇಟಿ ಮಾಸ್ತರರಾಗಿದ್ದರು. ಅವರ ಪತ್ನಿ ತುಳಜವ್ವ ಅದೇ ಕಂಪನಿಯ ನಾಯಕಿ, ಒಳ್ಳೆಯ ಹಾಡುಗಾರ್ತಿ. ಒಂದು ಬೆಳಗ್ಗೆ ಆಕೆ ಯಾರಿಗೂ ಹೇಳದೆ ಕಂಪನಿ ಬಿಟ್ಟು ಹೋದರು. ಅಂದಿನಿಂದ ಒಂಬತ್ತು ವರ್ಷ ದ್ಯಾಮಣ್ಣನವರು ಹುಡುಕಿದರು. ಕಂಪನಿ ಡೇರೆ ಹಾಕಿದ ಪ್ರತಿ ಊರಿನಲ್ಲೂ ಹಗಲೆಲ್ಲ ಛತ್ರ, ಆಸ್ಪತ್ರೆ, ಬಾವಿಕಟ್ಟೆಗಳನ್ನು ತಿರುಗಿ ವಿಚಾರಿಸುವುದೇ ಅವರ ಕೆಲಸವಾಯಿತು. ಗುಡಿಗಳ ಒಳಗೆ ಮಾತ್ರ ಹೋಗುತ್ತಿರಲಿಲ್ಲ, ಹೊರಗೆ ನಿಂತೇ ಕೇಳುತ್ತಿದ್ದರು. ದೇವರ ವಿಷಯದಲ್ಲಿ ಅವರ ಮನಸ್ಸು ಅಷ್ಟು ಮುರಿದಿತ್ತು.

ಕಡೆಗೆ ಒಬ್ಬ ಬಳೆಗಾರ ಜಿನ್ನಿನಜ್ಜನವರ ಶೆಡ್ಡಿನಲ್ಲಿ ಆಕೆಯನ್ನು ಕಂಡೆನೆಂದು ಹೇಳಿದ. ವೈಶಾಖದ ಬಿಸಿಲಿನಲ್ಲಿ ದ್ಯಾಮಣ್ಣನವರು ನಡೆದೇ ಬಂದರು. ಅಜ್ಜನವರು ಕಲ್ಲಿನ ಮೇಲೆ ದುಪ್ಪಟಿಯೊಂದನ್ನು ತಿಕ್ಕುತ್ತಿದ್ದರು.

"ತುಳಜವ್ವ ಅನ್ನಾಕಿ ಇಲ್ಲಿ ಅದಾಳೇನ್ರಿ?"

"ಅದಾಳ."

ಒಂಬತ್ತು ವರ್ಷ ದ್ಯಾಮಣ್ಣನವರು ಇಲ್ಲ ಎಂಬ ಮಾತನ್ನೇ ಕೇಳಿದ್ದರು. ಕಲ್ಲಿನ ಹತ್ತಿರಕ್ಕೆ ಬಂದು, "ನಾ ಆಕಿ ಗಂಡ. ಕರೀರಿ ಆಕೀನ್ನ" ಎಂದರು.

ಅಜ್ಜನವರು ಕೈ ಒರೆಸಿಕೊಂಡು ತಾವೇ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮರಳಿ ಬಂದು, "ಬರೂದಿಲ್ಲ ಅಂತಾಳ" ಎಂದಷ್ಟೇ ಹೇಳಿ ಮತ್ತೆ ಕಲ್ಲಿನ ಮುಂದೆ ಕುಳಿತರು.

ದ್ಯಾಮಣ್ಣನವರ ಸಿಟ್ಟು ನೆತ್ತಿಗೇರಿತು. "ಗಂಡಾ ಹೆಂಡ್ತೀನ್ನ ಅಗಲಸೂದು ಯಾವ ಧರ್ಮರೀ? ದೇವರ ಹೆಸರು ಹೇಳಿ ಮಂದಿ ಹೆಂಡರನ್ನ ಮುಚ್ಚಿ ಇಟ್ಕೊಂಡೀರಿ! ತಾನs ಬಿಟ್ಟು ಓಡಿ ಬಂದಾಳ. ನಾ ಏನ್ ತಪ್ಪ ಮಾಡಿದ್ದೆ? ಒಂದ್ ದಿನಾ ಹೊಡದಿಲ್ಲ, ಬೈದಿಲ್ಲ!" ಎಂದು ಕೂಗಾಡಿದರು. ಶೆಡ್ಡಿನೊಳಗಿನ ರೋಗಿಗಳು ತಲೆಯೆತ್ತಿ ನೋಡಿದರು. ಅಜ್ಜನವರು ದುಪ್ಪಟಿ ತಿಕ್ಕುತ್ತಲೇ ಇದ್ದರು. ಕೂಗಿ ಕೂಗಿ ದ್ಯಾಮಣ್ಣನವರ ಗಂಟಲು ಒಣಗಿದ ಮೇಲೆ ಅಜ್ಜನವರು ನಿಧಾನವಾಗಿ ಕೇಳಿದರು:

"ಮಗಳ ಹೆಸರೇನಿತ್ತು, ತಮ್ಮಾ?"

ಮಗಳ ವಿಷಯವನ್ನು ದ್ಯಾಮಣ್ಣನವರು ಎತ್ತಿಯೇ ಇರಲಿಲ್ಲ. ಅಜ್ಜನವರಿಗೆ ಇದು ಯೋಗದೃಷ್ಟಿಯಿಂದ ತಿಳಿಯಿತೆಂದು ಭಕ್ತರು ಹೇಳುತ್ತಾರೆ. ತುಳಜವ್ವನೇ ಎಂದಾದರೂ ಹೇಳಿಕೊಂಡಿರಬಹುದೆಂದು ಬೇರೆಯವರು ಹೇಳುತ್ತಾರೆ. ನಾನು ಮಾಸ್ತರರನ್ನೇ ಕೇಳಿದೆ. "ಹೆಂಗ ತಿಳೀತು ಅಂತ ನಾ ವಿಚಾರ ಮಾಡಲಿಲ್ಲ. ಆ ಹೆಸರು ನನ್ನ ಬಾಯಾಗ ಬರವಲ್ದಾಗಿತ್ತು ನೋಡ್ರಿ, ಅದs ದೊಡ್ಡದಾಗಿತ್ತು" ಎಂದರು.

ಕಡೆಗೆ ಅವರು "ಗೌರಾ" ಎಂದರು. ಅದರ ಹಿಂದೆಯೇ ಉಳಿದದ್ದೆಲ್ಲ ಬಂದಿತು.

"ಆರು ವರ್ಷದಾಕಿ. ಕ್ಯಾಂಪಿನ್ಯಾಗ ಜ್ವರ ಬಂತು, ಮೂರs ದಿನ. ಮುಂಜಾನಿ ಕೂಸಿನ್ನ ಮಣ್ಣು ಮಾಡಿ ಬಂದ್ವಿ. ಸಂಜಿಗೆ ಆಟ ಇತ್ತು. ಆಟ ನಿಂತ್ರ ಕಂಪನಿ ಮುಳುಗತೈತಿ ಅಂದ ಮಾಲಕ. ಅಂವಾ ಅಂದದ್ದು ಇರ್ಲಿ. ಆಕಿ ಕೈ ಹಿಡದು ಬಣ್ಣಾ ಹಚ್ಚೋ ಖೋಲಿಗೆ ಕರಕೊಂಡು ಹೋದಾಂವ ನಾನು. ಇದೊಂದ್ ದಿನಾ ಹಾಡು ಅಂದೆ. ಹಾಡಿದಳು. ಮಂದಿಗೆ ಏನ್ ಗೊತ್ತು, ಒನ್ಸ್ ಮೋರ್ ಅಂದ್ರು. ಆಕಿ ನನ್ನ ಕಡೆ ನೋಡಿದಳು. ನಾ ಬ್ಯಾಡ ಅನ್ನಬಹುದಿತ್ತು, ಅಜ್ಜಾರ. ಮತ್ತ ಪೇಟಿ ಬಾರಿಸಿದೆ."

ಅಜ್ಜನವರು ದುಪ್ಪಟಿಯನ್ನು ಪಕ್ಕಕ್ಕಿಟ್ಟರು. "ಆಕೀನ್ನ ಕರಕೊಂಡು ಹೋಗಾಕ ಬಂದೀಯೋ, ಇದನ್ನ ಹೇಳಾಕ ಬಂದೀಯೋ?" ಎಂದು ಕೇಳಿದರು.

"ಗೊತ್ತಿಲ್ರಿ. ನಾ ಯಾವ ದೇವರನ್ನೂ ನಂಬಾಂಗಿಲ್ಲ. ನಿಮ್ಮನ್ನೂ ನಂಬಾಂಗಿಲ್ಲ" ಎಂದರು ದ್ಯಾಮಣ್ಣನವರು.

"ನಂಬಿಕಿ ಮಾತು ಇರ್ಲಿ ಬಿಡು. ಭಾಳ ದಣದಿ. ಮಲಕೋ."

ಇಷ್ಟು ಹೇಳಿ ಅಜ್ಜನವರು ತಮ್ಮದೇ ಕಂಬಳಿಯನ್ನು ಗೋಡೆಯ ನೆರಳಿನಲ್ಲಿ ಹಾಸಿದರು. ಮಾಸ್ತರರು ಅದರ ಮೇಲೆ ಬಿದ್ದವರು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ರೈಲುಗಳು ಬಂದವು, ಹೋದವು. ಅಷ್ಟು ವರ್ಷಗಳಲ್ಲಿ ಅಂಥ ನಿದ್ದೆ ಅವರಿಗೆ ಬಂದಿರಲಿಲ್ಲ.

ಎಚ್ಚರವಾದಾಗ ನಾಲ್ಕು ಮೊಳ ದೂರದಲ್ಲಿ ತುಳಜವ್ವ ಕುಳಿತಿದ್ದರು. ಕೂದಲು ಅರ್ಧ ನರೆತಿತ್ತು. ಮುಂದೆ ರೊಟ್ಟಿ, ಪುಂಡಿಪಲ್ಯೆ ಇದ್ದವು.

"ಉಣ್ರಿ ಮೊದಲ" ಎಂದರು. ಅವರು ಉಂಡಾದ ಮೇಲೆ, "ತಗಡಿನ ಹಿಂದ ಇದ್ದೆ. ಎಲ್ಲಾ ಕೇಳಿದೆ. ಆ ಮಾತು ನಿಮ್ಮ ಬಾಯಿಂದ ಬರಾಂಗಿಲ್ಲ ಅಂತ ತಿಳದಿದ್ದೆ" ಎಂದರು.

"ಹಂಗಾರ ಬರ್ತೀಯೇನ?"

"ಇಲ್ರಿ. ನಿಮ್ಮ ಮ್ಯಾಲ ಈಗ ಸಿಟ್ಟಿಲ್ಲ, ಖರೇನ ಹೇಳ್ತೀನಿ. ಆದರ ಇಲ್ಲಿ ನನಗ ಹಾಡು ಅನ್ನೋರಿಲ್ಲ, ಹಾಡಬ್ಯಾಡ ಅನ್ನೋರೂ ಇಲ್ಲ. ಈ ಮುದುಕ್ಯಾರಿಗೆ ಉಣಿಸಿ ಮಲಗಿಸಿದ್ರ ಶಿವಾ ಅಂತ ನನ್ನ ಕಣ್ಣೂ ಮುಚ್ಚತಾವು. ಇದನ್ನ ಬಿಟ್ಟು ನಾ ಬರಾಂಗಿಲ್ಲ."

ದ್ಯಾಮಣ್ಣನವರು ಒತ್ತಾಯಿಸಲಿಲ್ಲ. ಒತ್ತಾಯಿಸುವ ಶಕ್ತಿ ಇರಲಿಲ್ಲವೆಂದು ಅವರು ನನಗೆ ಹೇಳಿದರು. ಮನಸ್ಸೂ ಇರಲಿಲ್ಲವೆಂದು ಆಮೇಲೆ ಸೇರಿಸಿದರು. ಸಂಜೆಯವರೆಗೆ ಇಬ್ಬರೂ ಮಗಳ ಮಾತಾಡಿದರು. ಭೀಮನ ಗದೆಯನ್ನು ತಲೆದಿಂಬು ಮಾಡಿಕೊಂಡು ಪರದೆಯ ಹಿಂದೆ ಅವಳು ಮಲಗುತ್ತಿದ್ದುದನ್ನು ನೆನೆದರು. ಗದೆಯಿಲ್ಲದೆ ಭೀಮ ಒಮ್ಮೆ ಬರಿಗೈಯಲ್ಲಿ ರಂಗಕ್ಕೆ ಓಡಿದ್ದನ್ನು ನೆನೆದಾಗ ತುಳಜವ್ವ ನಕ್ಕುಬಿಟ್ಟರು, ಹಿಂದೆಯೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ತಾಯಿತಂದೆ ಕೂಡಿ ಆ ಮಗುವಿಗಾಗಿ ಅತ್ತದ್ದು ಅದೇ ಮೊದಲು.

ಹೊತ್ತು ಇಳಿದಾಗ ದ್ಯಾಮಣ್ಣನವರು ಹೊರಡಲು ಎದ್ದರು. ತುಳಜವ್ವ ಬಾಗಿಲವರೆಗೆ ಬಂದು ನಿಂತರು. ಅಜ್ಜನವರು ಕೇಳಿದರು:

"ಎಲ್ಲಿಗೆ ಹೊಂಟಿ, ತಮ್ಮಾ?"

ಗುಡಿಯ ಹೊಸ್ತಿಲು ತುಳಿಯದ ಆ ಮನುಷ್ಯ ಬಗ್ಗಿ ಅಜ್ಜನವರ ಪಾದದ ಮೇಲೆ ಹಣೆಯಿಟ್ಟರು. ಎದ್ದು ನಿಂತು ಹೇಳಿದರು:

"ಗೊತ್ತಿಲ್ರಿ, ಅಜ್ಜಾರ. ಒಂಬತ್ತ ವರ್ಷದಾಗ ಇವತ್ತ ಮೊದಲನೇ ಸಲ, ನಾ ಯಾರನ್ನೂ ಹುಡುಕಾಕ ಹೊಂಟಿಲ್ಲ."