ರುಬ್ಬುವ ಯಂತ್ರದ ಹಸಿರು ತಂತಿ

ನಂಜನಗೂಡಿನ ಹೋಟೆಲ್ ಮಾಲೀಕ ಮರಿಸ್ವಾಮಪ್ಪನಿಗೆ ಹೊಸ ಗ್ರೈಂಡರಿನ ಹಸಿರು ತಂತಿ ಕಣ್ಣಿಗೆ ಚುಚ್ಚಿತು. ಅದು ಅರ್ಥಿಂಗ್ ತಂತಿ. ಅಂದರೆ, ಯಂತ್ರದ ಮೈಯಿಂದ ಹೊರಟು ನೆಲದೊಳಕ್ಕೆ ಇಳಿಯುವ ತಂತಿ.

"ಇದಿಲ್ಲದಿದ್ರೂ ಕಲ್ಲು ತಿರುಗುತ್ತೆ. ಇದು ಸೋಮಾರಿ ತಂತಿ!" ಎಂದು ತಾನೇ ತಿರುಪು ಸಡಿಲಿಸಿ ಬಿಚ್ಚಿಬಿಟ್ಟ.

ದಿನವೂ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಹಿಟ್ಟು ರುಬ್ಬುವವಳು ಪುಟ್ಟೀರಮ್ಮ. ಅವಳು ಯಂತ್ರದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ನಗುತ್ತಲೇ ಅಂದಳು: "ಆಗ್ಲಿ ಯಜಮಾನ್ರೇ. ಮೊದಲ ಹಿಟ್ಟು ನಿಮ್ಮ ಕೈಯಿಂದಲೇ ಆಗ್ಲಿ."

ಮರಿಸ್ವಾಮಪ್ಪ ಉಬ್ಬಿಹೋದ. ಸ್ವಿಚ್ಚಿನತ್ತ ಕೈ ಚಾಚಿದ. ಅಷ್ಟರಲ್ಲಿ ಅಂಗಾಲಿಗೆ ನೀರು ತಣ್ಣಗೆ ತಾಕಿತು. ಕೈ ಗಾಳಿಯಲ್ಲೇ ನಿಂತಿತು.

"ಬಾಗಿಲಲ್ಲಿ ನನ್ನ ರಬ್ಬರ್ ಚಪ್ಪಲಿ ಐತೆ, ತಂದುಕೊಡವ್ವಾ. ಕರೆಂಟ್ ಹೊಡೆದ್ರೆ?"

"ಅಡುಗೆಮನೇಲಿ ಚಪ್ಪಲಿ ಕೂಡದು ಅಂದೋರು ನೀವೇ ಅಲ್ವಾ? ನಮಗೆ ಇಲ್ಲಿ ಇದ್ದ ಚಪ್ಪಲಿ ಆ ತಂತಿ ಒಂದೇ. ದಾರಿ ತಪ್ಪಿ ಯಂತ್ರದ ಮೈಗೆ ಬಂದ ಕರೆಂಟನ್ನ ಅದು ಭೂಮ್ತಾಯಿ ಒಡಲಿಗೆ ಇಳಿಸಿಬಿಡುತ್ತೆ."

ಮರಿಸ್ವಾಮಪ್ಪ ತಂತಿಯನ್ನೇ ನೋಡುತ್ತ ನಿಂತ. ಇಷ್ಟು ಸಣ್ಣದು, ಸದ್ದೇ ಇಲ್ಲದೆ ಇಷ್ಟು ಜೀವ ಕಾಯುತ್ತದಲ್ಲ! ಕರೆಂಟ್ ಇಲ್ಲದೆಯೇ ಅವನ ಮೈ ಜುಮ್ಮೆಂದಿತು. ಎರಡೂ ಕೈಯಲ್ಲಿ ತಂತಿಯನ್ನು ಎತ್ತಿಕೊಂಡು ಮೊದಲಿನಂತೆಯೇ ಬಿಗಿದ. ಆಮೇಲೆ ಮೆಲ್ಲಗೆ ಅಂದ:

"ಪುಟ್ಟೀರಮ್ಮ, ಬಾಗಿಲಲ್ಲಿರೋ ಆ ಚಪ್ಪಲೀನೂ ನೀನೇ ಹಾಕ್ಕೋ."