ಬೋರಕ್ಕನ ಆಡು ಬೆಳೆಸಿದ ಗುಡ್ಡ

ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲ, ಒಂದು ಬೋಳುಗುಡ್ಡದ ಬುಡದಲ್ಲಿ ಒಂದು ಹಟ್ಟಿ ಇತ್ತಂತೆ. ಗುಡ್ಡ ಮೊದಲಿಂದ ಬೋಳಲ್ಲ ಮಗಾ, ಹಟ್ಟಿಯವರೇ ಮರ ಕಡಿದು ಇದ್ದಿಲು ಸುಟ್ಟು ಮಾರಿ ಬೋಳು ಮಾಡಿದ್ದು. ಆಮೇಲೆ ಬಂಡೆ ಕಾದು ಕಾದು, ಹಟ್ಟಿಯೆಲ್ಲ ಒಲೆ ಮುಂದೆ ಕೂತ ಹಾಗೆ ಬೇಯೋಕೆ ಶುರುವಾಯ್ತಂತೆ. ಮಳೆ ಬಂದರೆ ಧೋ ಅಂತ ಒಂದೇ ಸಲ ಬಂದು ಮಣ್ಣನ್ನ ಹೊತ್ತುಕೊಂಡು ಹೋಗೋದಂತೆ, ನೀರು ನೆಲಕ್ಕೆ ಇಳೀದೆ, ಇದ್ದ ಒಂದು ಒರತೆನೂ ಬತ್ತುತ್ತಾ ಬಂತಂತೆ.

ಹಟ್ಟಿ ಯಜಮಾನ ಎಲ್ಲರನ್ನೂ ಕೂರಿಸಿಕೊಂಡು, ಗುಡ್ಡ ಹಸಿರಾಗಿ ಒರತೆ ತುಂಬಿದರೆ ಸರಿ, ಇಲ್ಲದಿದ್ದರೆ ಹಟ್ಟಿ ಒಡೆದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗೋದೇ ಅಂದನಂತೆ. ಅಲ್ಲಿ ಇಬ್ಬರು ಅಣ್ಣಂದಿರು, ಒಬ್ಬಳು ತಂಗಿ ಇದ್ದರು. ನಾವೇ ಏನಾದರೂ ಮಾಡ್ತೀವಿ ಅಂತ ಎದ್ದರಂತೆ.

ದೊಡ್ಡಣ್ಣ ಓಬಯ್ಯ ಬಲು ಅವಸರದವನು. ದೂರದ ಕಾಡಿಂದ ಆಳೆತ್ತರದ ಮರಗಳನ್ನೇ ಬೇರುಸಮೇತ ಕಿತ್ತು ಗಾಡೀಲಿ ತಂದು ನೆಟ್ಟನಂತೆ. ಎಂಟು ದಿನ ಜಂಬದಿಂದ ನಿಂತವು, ಒಂಬತ್ತನೇ ದಿನ ಎಲೆ ಉದುರಿಸಿ ಸೌದೆಯಾದವಂತೆ. ಆಮೇಲೆ ಎರಡನೇ ಅಣ್ಣ ಪಾಲಯ್ಯ ಕರಿಜಾಲಿ ಬೀಜ ಮೂಟೆಗಟ್ಟಲೆ ತಂದು ಎರಚಿದನಂತೆ. ಜಾಲಿ ಬೀಜ ಕಲ್ಲಿನ ಹಾಗೆ ಗಟ್ಟಿ, ಹಾಗೇ ಎರಚಿದರೆ ಸುಲಭಕ್ಕೆ ಮೊಳೆಯೋದಿಲ್ಲ. ಒಂದೇ ಮಳೆಗೆ ಅಷ್ಟೂ ಕೊಚ್ಚಿಕೊಂಡು ಹಳ್ಳ ಸೇರಿತಂತೆ.

ತಂಗಿ ಬೋರಕ್ಕ ಆಡು ಕಾಯೋಳು. ಆಡು ಕೂಡೋ ಬೇಲಿಗೆ ರೊಪ್ಪ ಅಂತಾರೆ. ಆಡು ಜಾಲಿಕಾಯಿ ತಿಂದು ಹಿಕ್ಕೆ ಹಾಕಿದ ರೊಪ್ಪದಲ್ಲಿ, ಆಡಿನ ಹೊಟ್ಟೇಲಿ ನೆಂದು ಮೆತ್ತಗಾದ ಬೀಜದಿಂದ ಮಳೆ ಬಿದ್ದ ಕೂಡಲೇ ಜಾಲಿ ಮೊಳಕೆ ಏಳೋದು, ಅದನ್ನ ಕಿತ್ತು ಕಿತ್ತು ಇವಳ ಬೆರಳು ಸೋತಿದ್ದವಂತೆ. ಇವಳು ಹೋಗಿ, ಯಜಮಾನರೇ, ನನ್ನ ರೊಪ್ಪ ಗುಡ್ಡದ ಮೇಲೆ ಹಾಕ್ತೀನಿ ಅಂದಳಂತೆ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಹಸಿರು ಕಂಡರೆ ಬಿಡದ ಆಡು ಕಾಡು ಬೆಳೆಸುತ್ತೇನವ್ವಾ, ಒಂದು ಗಿಡ ಆಡಿನ ಬಾಯಿಗೆ ಬಿದ್ದರೂ ನೀನು ಹಟ್ಟಿಯಿಂದ ಹೊರಗೆ ಅಂದನಂತೆ ಯಜಮಾನ. ಆಗಲಿ ಅಂದಳಂತೆ ಇವಳು. ಎಂಥ ಗಟ್ಟಿಗಿತ್ತಿ ನೋಡು, ನಾನಾಗಿದ್ದರೆ ಅತ್ತೇಬಿಡ್ತಿದ್ದೆ.

ಆಮೇಲೆ ಬೇಸಿಗೆ ಪೂರ್ತಿ ಆಡಿಗೆ ಹಳ್ಳದ ದಂಡೆಯ ಜಾಲಿಕಾಯಿ ತಿನ್ನಿಸಿದ್ದೇ ತಿನ್ನಿಸಿದ್ದು. ಇವತ್ತು ಇಲ್ಲಿ ರೊಪ್ಪ, ನಾಳೆ ಹತ್ತು ಮಾರು ಆಚೆ, ಹೀಗೆ ಗುಡ್ಡದ ಮೈಗೆಲ್ಲ ಹಿಕ್ಕೆ ಹರಡಿದಳಂತೆ. ಆಡುಗಳು ಗೊರಸಲ್ಲಿ ತುಳಿದು ತುಳಿದು ಬೀಜ ಮಣ್ಣಿಗೆ ಸೇರಿಸಿದವು, ಮಣ್ಣು ಜಾರದ ಹಾಗೆ ಅಣ್ಣಂದಿರು ಅಡ್ಡ ಕಲ್ಲು ಜೋಡಿಸಿದರು. ಕಣ್ಣು ಮುಚ್ಚಬೇಡ ಕಣೇ, ಈಗ್ಲೇ ಮಜಾ ಇರೋದು. ಮೊದಲ ಮಳೆ ಬಿತ್ತು ನೋಡು, ಗುಡ್ಡದ ತುಂಬ ಬೆರಳುದ್ದದ ಜಾಲಿ ಸಸಿ, ಕಾಲಿಡೋಕೆ ಜಾಗ ಇಲ್ಲವಂತೆ.

ಬೋರಕ್ಕ ಕುಣಿದಾಡಿದಳಂತೆ. ಆಮೇಲೆ ಆಡುಗಳ ಮುಖ ನೋಡಿದಳು, ಅವು ಆ ಸಸಿಗಳನ್ನೇ ನೋಡ್ತಿದ್ದವು. ಗುಡ್ಡದ ಸುತ್ತ ಮುಳ್ಳುಬೇಲಿ ಹಾಕಿಸಿ, ಹಟ್ಟಿ ಉಳೀಲಿ ಅಂತ ಅವಳೇ ಹಟ್ಟಿ ಬಿಟ್ಟು, ಆಡು ಹೊಡಕೊಂಡು ಪರ ಸೀಮೆಗೆ ಹೊರಟಳಂತೆ. ಒಂದಲ್ಲ, ಎರಡಲ್ಲ, ಮೂರು ಮಳೆಗಾಲ ಅತ್ತ ಅಲೆದಳಂತೆ.

ವಾಪಸ್ ಬಂದಾಗ ದಾರಿ ತಪ್ಪಿದೆ ಅಂದುಕೊಂಡಳಂತೆ. ಬೋಳುಗುಡ್ಡ ಎಲ್ಲಿ? ಹಸಿರು, ಬರೀ ಹಸಿರು, ತಂಪು ಗಾಳಿ. ಜಾಲಿ ನೆರಳಲ್ಲಿ ಹಕ್ಕಿ ತಂದು ಹಾಕಿದ ಬೇವು, ಅತ್ತಿ ಮರ ತಾವೇ ಹುಟ್ಟಿದ್ದವಂತೆ. ಒರತೇಲಿ ನೀರು ಬುಳುಬುಳು ಅಂತಿತ್ತಂತೆ. ಹಟ್ಟಿ ಬಿಟ್ಟು ಒಬ್ಬರೂ ಹೋಗಿರಲಿಲ್ಲವಂತೆ.

ಆಡು ಅಷ್ಟೂ ತಿಂದುಬಿಡ್ತಾ ಅಜ್ಜೀ ಅಂತೀಯಾ? ಇಲ್ಲ ಮಗಾ. ಇನ್ನೂ ಮೂರು ವರ್ಷ ಬೇಲಿ ಆಚೆಯೇ ಕಾದವು, ಅಷ್ಟರಲ್ಲಿ ಜಾಲಿ ಕಾಯಿ ಬಿಟ್ಟಿತು. ಆಗ ಆ ಯಜಮಾನನೇ ದೋಟಿ ತಗೊಂಡು ಕಾಯಿ ಉದುರಿಸಿ, ಬುಟ್ಟಿ ತುಂಬಿ ತಂದು, ಬೋರಕ್ಕನ ಆಡುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದನಂತೆ, ತಿನ್ನಿ ನನ್ನವ್ವಂದಿರಾ, ಹೊಟ್ಟೆ ತುಂಬ ತಿನ್ನಿ, ಆಚೆ ಇನ್ನೊಂದು ಗುಡ್ಡ ಬೋಳಾಗಿ ನಿಂತಿದೆ.

ಆಡಿನ ಹೊಟ್ಟೆ ತುಂಬ್ತು, ನನ್ನ ಕತೆ ಮುಗೀತು, ಮಲಗು ಇನ್ನ.