ಮೊಬೈಲ್ ಮುಟ್ಟದ ಶನಿವಾರ

ತಾಲ್ಲೂಕಿನ ಶಿಕ್ಷಣಾಧಿಕಾರಿಗಳಿಗೆ ಹೈಸ್ಕೂಲ್ ಮಕ್ಕಳ ರೀಲ್ಸ್ ಹುಚ್ಚು ಬಿಡಿಸುವ ಹುಮ್ಮಸ್ಸು ಬಂತು. ಶನಿವಾರ ಯಾವ ವಿದ್ಯಾರ್ಥಿಯೂ ಮೊಬೈಲ್ ಮುಟ್ಟಕೂಡದು ಎಂದು ಆಜ್ಞೆ ಹೊರಡಿಸಿದರು. ಮುಟ್ಟಲಿಲ್ಲ ಅನ್ನೋದಕ್ಕೆ ಸಾಕ್ಷಿಯಾಗಿ ಪ್ರತಿ ವಿದ್ಯಾರ್ಥಿಯೂ ಗಂಟೆಗೊಂದು ಸೆಲ್ಫಿ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕಂತೆ! ತಪ್ಪಿದರೆ ಮೇಷ್ಟರಿಗೆ ನೋಟಿಸು.

ಹತ್ತನೇ ತರಗತಿಯ ಕಸ್ತೂರಿ ಮೇಡಂ ಆಜ್ಞೆ ಓದಿ ನಕ್ಕರು. ಶನಿವಾರ ತಮ್ಮ ಮೊಬೈಲನ್ನೇ ಮೊದಲು ಬೀರುವಿನಲ್ಲಿಟ್ಟು ಬೀಗ ಹಾಕಿದರು. ದಿನವೆಲ್ಲ ಮಕ್ಕಳನ್ನು ಖೋ-ಖೋ ಆಡಿಸಿದರು.

ಸೋಮವಾರದ ಸಭೆಯಲ್ಲಿ ಅಧಿಕಾರಿಗಳು ಕೆಂಡವಾಗಿದ್ದರು. "ಎಲ್ಲ ಶಾಲೆಗಳಿಂದ ರಾಶಿ ರಾಶಿ ಫೋಟೊ ಬಂದಿವೆ. ನಿಮ್ಮಿಂದ ಒಂದೂ ಇಲ್ಲವಲ್ಲ ಮೇಡಂ? ನೋಟಿಸು ಕೊಡಲೇ?"

ಮೇಡಂ ಎದ್ದು ನಿಂತು ವಿನಯವಾಗಿ ಹೇಳಿದರು. "ಸಾರ್, ನಿಮ್ಮ ಆಜ್ಞೇನ ನಮ್ಮ ಮಕ್ಕಳು ಚಾಚೂ ತಪ್ಪದೆ ಪಾಲಿಸಿದರು. ಮೊಬೈಲ್ ಮುಟ್ಟಲೇ ಇಲ್ಲ. ಇನ್ನು ಫೋಟೊ ತೆಗೆಯೋದು ಯಾವುದರಲ್ಲಿ? ಮುಟ್ಟಿದವರ ಫೋಟೊ ಎಲ್ಲ ನಿಮ್ಮ ಹತ್ತಿರವೇ ಇವೆ. ನೋಟಿಸು ಕೊಡೋದಾದರೆ, ಅವರ ಕೈಲಿ ಮುಟ್ಟಿಸಿದವರು ಯಾರು ಅಂತ ಮೊದಲು ವಿಚಾರಿಸಬೇಕಾಗುತ್ತೆ."

ಸಭೆಯಲ್ಲಿದ್ದ ಮೇಷ್ಟರುಗಳಿಗೆಲ್ಲ ಒಟ್ಟಿಗೇ ಕೆಮ್ಮು ಬಂತು. ಅಧಿಕಾರಿಗಳು ನೀರು ಕುಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಗಂಟಲು ಸರಿಮಾಡಿಕೊಂಡು, "ಮೇಡಂ ಹೇಳೋದು ನ್ಯಾಯ. ಮುಂದಿನ ಶನಿವಾರ ಯಾರೂ ಒಂದು ಫೋಟೊನೂ ಕಳಿಸಬಾರದು," ಎಂದು ಸಾರಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಕೈಯೆತ್ತಿ ತಡೆದರು.

"ಫೋಟೊ ತೆಗೀಲಿಲ್ಲ ಅನ್ನೋದಕ್ಕೆ ಮಾತ್ರ, ಪ್ರತಿ ವಿದ್ಯಾರ್ಥಿಯೂ ಗಂಟೆಗೊಂದು ವಿಡಿಯೊ ಹಾಕಲಿ."